ತಲೆಗೆ ನೂರು ಗ್ರಾಂ

ತಲೆಗೆ ನೂರು ಗ್ರಾಂ ಅಕ್ಕಿ. ಸರಕಾರದ ಲೆಕ್ಕ ಅದು,
ಓದು ಬಾರದ ನನಗೂ ಬಾಯಿಪಾಠ.
ಸೇರಿದ ವರ್ಷ ಆರು ಕಿಲೋ ಇನ್ನೂರು ಬೇಯಿಸುತ್ತಿದ್ದೆ,
ಸೌಟು ತಿರುವಲು ಎರಡೂ ಕೈ ಬೇಕಿತ್ತು,
ಎದುರು ಗಾಳಿಗೆ ಹುಟ್ಟು ಹಾಕಿದ ಹಾಗೆ.
ಈಗ ಒಂಬೈನೂರು.
ದೊಡ್ಡ ಬೋಗುಣಿ ಕೋಣೆಯ ಮೂಲೆಯಲ್ಲಿ ಅಡ್ಡ ಬಿದ್ದಿದೆ,
ಹೋದ ಆಷಾಢದಲ್ಲಿ ಅದರೊಳಗೆ ಬೆಕ್ಕು ಮರಿ ಹಾಕಿತ್ತು.

ಇಷ್ಟಕ್ಕೆ ಮನೆಯ ಪಾತ್ರೆಯೇ ಸಾಕೆಂದು ಒಂದು ದಿನ ತಂದೆ.
ಮಕ್ಕಳಿಗೆ ಗೊತ್ತಾಗಲಿಲ್ಲ.
ಯಮುನಾ ಅಕ್ಕೋರು ನೋಡಿದರು,
ಏನೂ ಅನ್ನದೆ ಗಂಟೆ ಹೊಡೆಯಲು ಹೋದರು.

ಮೇ ತಿಂಗಳ ಬಿಸಿಲಲ್ಲಿ ಅಕ್ಕೋರು
ವಾಡೆಯ ಮನೆ ಮನೆ ಹತ್ತಿ ಇಳಿದಿದ್ದರು.
ಒಣಹಾಕಿದ ಮೀನು ದಾಟಿ, ಬಲೆ ದಾಟಿ,
ಬಟ್ಟೆ ಪುಕ್ಕಟೆ, ಪುಸ್ತಕ ಪುಕ್ಕಟೆ, ಹಾಲು, ಮೊಟ್ಟೆ, ಬೂಟು,
ಹೇಳಿ ಹೇಳಿ ಗಂಟಲು ಒಣಗಿತ್ತು.
ಎಲ್ಲರೂ ಕೂರಿಸಿದರು. ನೀರು ಕೊಟ್ಟರು,
ಕೋಕಂ ಶರಬತ್ತು ಕೊಟ್ಟರು.
ಮಗು ಕೊಡಲಿಲ್ಲ.

ಎಂಟೂ ಹತ್ತಕ್ಕೆ ಹಳದಿ ವ್ಯಾನು.
ಮೂರು ಸಲ ಹಾರ್ನು, ನಾಲ್ಕನೆಯದಕ್ಕೆ ನಿಲ್ಲುವುದಿಲ್ಲ.
ಟೈ ಕಟ್ಟಿದ ಹನ್ನೊಂದು ಮಕ್ಕಳು ಶಾಲೆಯ ಗೇಟಿನೆದುರೇ ಹತ್ತಿ
ಪೇಟೆಯ ಇಂಗ್ಲಿಷಿಗೆ ಹೋಗುತ್ತಾರೆ.
ಹನ್ನೊಂದನೆಯವಳು ಪ್ರಾಂಜಲಿ.
ನನ್ನ ಮಗಳ ಮಗಳು.

ಹೌದು.
ಇಲ್ಲಿ ನಾನು ದುಡಿಯುವುದಕ್ಕೆ ಸಂಬಳ ಅನ್ನಬಾರದಂತೆ,
ಗೌರವಧನ.
ಎರಡು ಮೂರು ತಿಂಗಳಿಗೊಮ್ಮೆ ಗೌರವ ಬರುತ್ತದೆ,
ಬಂದದ್ದು ವ್ಯಾನಿನವನ ಕೈಗೆ ಹೋಗುತ್ತದೆ.
ಕನ್ನಡ ಶಾಲೆಯ ಒಲೆ ಊದಿ
ಇಂಗ್ಲಿಷ್ ಶಾಲೆಯ ಫೀಸು ತುಂಬುವವಳು
ಈ ಶೇವಂತಿ ದುರ್ಗೇಕರ. ಬರೆದುಕೊಳ್ಳಿ ಬೇಕಾದರೆ.

ಸಾಹೇಬರು ಬಂದು ಬರೆದುಕೊಂಡದ್ದು ಬೇರೆ.
ಮೂರನೇ ಇಯತ್ತೆಯ ಲಿಂಗರಾಜನನ್ನು ಎಬ್ಬಿಸಿದರು.
ಹೆಸರು ಕೇಳಿ ಗಟ್ಟದ ಮೇಲಿನವನೆಂದೇ ನಾನೂ ತಿಳಿದಿದ್ದೆ,
ಒಡಿಶಾದವನಂತೆ, ಅಪ್ಪ ಬೈತಖೋಲದಲ್ಲಿ ಬೋಟಿನ ಕೆಲಸ.
ಪುಸ್ತಕ ಹಿಡಿದು ನಿಂತ, ನಿಂತೇ ಇದ್ದ,
ಕಾಲ ಹೆಬ್ಬೆರಳು ನೆಲ ಕೆರೆಯುತ್ತಿತ್ತು.
ಓದಲು ಬಾರದು ಎಂದು ಒಂದು ಗೆರೆ ಬಿತ್ತು.

ಎಣ್ಣೆಯ ಪ್ಯಾಕೆಟು, ಬೇಳೆಯ ಚೀಲ
ಬಂದಾಗಲೆಲ್ಲ ನಾನು ಕರೆಯುವುದು ಅವನನ್ನೇ.
ತಿರುಗಿಸಿ, ಬೆಳಕಿಗೆ ಹಿಡಿದು, ಸಣ್ಣ ಅಕ್ಷರ ಹುಡುಕಿ
'ಆಯಿ, ಮಾರ್ಚಿ ತನಕ ಅಡ್ಡಿಲ್ಲ' ಅನ್ನುತ್ತಾನೆ.
ಹೋದ ವರ್ಷ ಹಳೆಯ ಬೇಳೆಯ ಚೀಲ
ವಾಪಸು ಹೋದದ್ದು ಅವನ ಓದಿನಿಂದ.
ಸಾಹೇಬರು ಊಟಕ್ಕೆ ನಿಂತಿದ್ದರೆ ಹೇಳುತ್ತಿದ್ದೆ.
ಜೀಪು ಬೇಗ ಹೋಯಿತು.

ಹತ್ತು ಆಗಬೇಕಂತೆ. ಹತ್ತಾಗದಿದ್ದರೆ
ನಾಲ್ಕು ಕಿಲೋಮೀಟರ್ ಆಚೆಯ ಶಾಲೆಗೆ ಸೇರಿಸುತ್ತಾರಂತೆ,
ಹೆದ್ದಾರಿ ದಾಟಿ.
ಅಕ್ಕೋರು ವಾಡೆಯ ಎಲ್ಲರನ್ನೂ ಕೇಳಿದ್ದಾರೆ,
ನನ್ನೊಬ್ಬಳನ್ನು ಕೇಳಿಲ್ಲ.
ಕೇಳಿದ್ದರೆ ಬೈದು ಹಗುರಾಗುತ್ತಿದ್ದೆ.

ನಿನ್ನೆ ಊಟ ಮುಗಿದು, ತಟ್ಟೆ ತೊಳೆದು,
ಸೆರಗಿಗೆ ಕೈ ಒರೆಸಿಕೊಂಡು ಆಫೀಸಿನ ಬಾಗಿಲಿಗೆ ಹೋದೆ.
ಪೇಟೆಯ ಶಾಲೆಯಿಂದ ಟಿ.ಸಿ. ತರಲು
ಎಷ್ಟು ದಿನ ಹಿಡಿಯುತ್ತದೆ,
ಇಷ್ಟೇ ಕೇಳಬೇಕಿತ್ತು.
ಮಾತು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದೆ.
ಅಕ್ಕೋರು ಹಾಜರಿ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದರು,
ಒಂಬತ್ತು ಹೆಸರಿಗೆ ಅಷ್ಟು ದಪ್ಪ ಪುಸ್ತಕ.

'ಏನು ಶೇವಂತಿ?'
'ಹುಣಸೆಹಣ್ಣು ಮುಗಿದಿದೆ ಅಕ್ಕೋರೆ.'

ತಲೆ ಎತ್ತಿ ನೋಡಿದರು. ತುಸು ಹೊತ್ತು.
ಆಮೇಲೆ ಚೀಟಿಯಲ್ಲಿ ಬರೆಯುತ್ತ ಬಾಯಿಬಿಟ್ಟು ಹೇಳಿದರು,
'ಹುಣಸೆ, ಒಂದು ಕಿಲೋ.'

ಒಂಬತ್ತು ಮಂದಿಯ ಸಾರಿಗೆ ಒಂದು ಕಿಲೋ
ಬೇಸಿಗೆ ರಜೆ ದಾಟಿದರೂ ಉಳಿಯುತ್ತದೆ.
ನನಗೆ ಗೊತ್ತು. ಅವರಿಗೂ.